ಏಳಕ್ಕೇ ಬಿಗಿಯಾದ ಬೋಲ್ಟ್

ಪ್ರೀತಿಯ ಭಾವ,

ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರಕ್ಕೆ ಮುಂಚೆ ನಿಮಗೆ ಸಿಗಲೆಂದು ಹಾಲಿನ ಗಾಡಿಯವನ ಕೈಲಿ ಕಳಿಸುತ್ತೇನೆ.

ಸೋಮವಾರ ನೀವು ರಜೆ ಮುಗಿಸಿ ಬಂದಾಗ ನಿಮ್ಮನ್ನು ಕೆಲಸಕ್ಕೆ ಹಾಕಿರುವುದು, ಬಂಡೆ ಕಳಚಿ ಬೀಳದಂತೆ ನಾನು ನಿನ್ನೆ ಬೋಲ್ಟ್ ಹೊಡೆದ ಸುರಂಗಕ್ಕೆ. ನೀವು ಕಲಿಸಿದ ಹಾಗೇ ಮಾಡಿದೆ. ಚಾವಣಿಯ ಬಂಡೆಯಲ್ಲಿ ತೂತು ಕೊರೆದು, ಎಪಾಕ್ಸಿ ಅಂಟಿನ ಕ್ಯಾಪ್ಸೂಲ್ ತೂರಿಸಿ, ಅದರೊಳಗೆ ಬೋಲ್ಟನ್ನು ತಿರುಗಿಸುತ್ತಾ ನುಗ್ಗಿಸಿ, ಹತ್ತು ಎಣಿಸಿ ನಿಲ್ಲಿಸಿದೆ. "ಕಮ್ಮಿ ತಿರುಗಿಸಿದ್ರೆ ಅಂಟು ಬೆರೆಯಲ್ಲ. ಗಟ್ಟಿಯಾಗೋಕೆ ಶುರುವಾದ್ಮೇಲೂ ತಿರುಗಿಸಿದ್ರೆ ಪುಡಿಪುಡಿ. ಆಮೇಲೆ ಅದು ಬೋಲ್ಟಲ್ಲ ಕಣೋ, ಕ್ಯಾಲೆಂಡರ್ ನೇತಾಕೋ ಮೊಳೆ" ಎಂದಿದ್ದಿರಿ.

ನಿನ್ನೆ ಬೆಳಿಗ್ಗೆ ವಿಪರೀತ ಚಳಿ. ಕ್ಯಾಪ್ಸೂಲ್‌ಗಳು ಸೆಟೆದುಕೊಂಡಿದ್ದವು. ನಾಲ್ಕೈದು ಬೋಲ್ಟ್ ಹೊಡೆದ ಮೇಲೆ ಅವುಗಳ ಪೆಟ್ಟಿಗೆಯನ್ನು ಕೊರೆಯುವ ಯಂತ್ರದ ಬಿಸಿ ಇಂಜಿನ್ನಿನ ಮೇಲಿಟ್ಟೆ. ಅದೇ ದೊಡ್ಡ ಬುದ್ಧಿವಂತಿಕೆ ಅಂದುಕೊಂಡೆ. ಬಿಸಿಯಾದ ಅಂಟು ಬೇಗ ಗಟ್ಟಿಯಾಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಒಂದು ಬೋಲ್ಟ್ ಏಳು ಎಣಿಸುವಷ್ಟರಲ್ಲೇ ಬಿಗಿಯಾದಂತೆ ಅನ್ನಿಸಿತು. ನಾನು ಮಾತ್ರ ಹತ್ತರವರೆಗೂ ತಿರುಗಿಸಿದೆ. ಅದು ಎಂಟನೆಯ ಬೋಲ್ಟೋ ಹತ್ತನೆಯದೋ? ಹಾಗಾದದ್ದು ಅದೊಂದೇಯೋ, ಮುಂದಿನವೆಲ್ಲವೋ? ಬಿಗಿಯಾಗಿದ್ದು ಬೋಲ್ಟೋ, ಚಳಿಗೆ ಮರಗಟ್ಟಿದ ನನ್ನ ಕೈಯೋ?

ಮೇಸ್ತ್ರಿ ಮೂರನೆಯ ಬೋಲ್ಟಿಗೆ ಜಗ್ಗುವ ಯಂತ್ರ ಹಾಕಿ ನೋಡಿದರು. "ಆನೆ ಕಟ್ಟಿದ್ರೂ ಅಲ್ಲಾಡಲ್ಲ! ಭಾವನ ಮರ್ಯಾದೆ ಉಳಿಸ್ದೆ ಕಣೋ ಮೂಗಪ್ಪ" ಎಂದು ಬೆನ್ನು ತಟ್ಟಿದರು. ಎಲ್ಲರೂ ನಕ್ಕರು. ಮೂರನೆಯದು ಪೆಟ್ಟಿಗೆ ಬಿಸಿಯಾಗುವ ಮುಂಚಿನದು ಎಂದು ಹೇಳಬೇಕಿತ್ತು. ನಾನೂ ನಕ್ಕೆ. ಯಾಕೆ ನಕ್ಕೆ ಭಾವ?

ಇವತ್ತು ಹೋಗಿ ಹೊರಗಿನಿಂದಲೇ ಚಾವಣಿ ನೋಡುತ್ತಾ ನಿಂತೆ. ನಾನು ಹೊಡೆದ ಹದಿನಾಲ್ಕು ಬೋಲ್ಟೂ ಒಂದೇ ಥರ ಕಾಣುತ್ತವೆ. ಬಾಯಿ ಬಿಟ್ಟರೆ ಎಲ್ಲವನ್ನೂ ಮತ್ತೆ ಹೊಡೆಯಬೇಕು, ನನ್ನನ್ನು ಕೆಲಸಕ್ಕೆ ಸೇರಿಸಿದ ನಿಮ್ಮ ತಲೆ ತಗ್ಗುತ್ತದೆ. ಬಿಡದಿದ್ದರೆ ಅದೇ ತಲೆಯ ಮೇಲೆ ಆ ಬಂಡೆ. ಎರಡನ್ನೂ ತೂಗಿ ನೋಡಿದೆ, ಏನೂ ತಿಳಿಯಲಿಲ್ಲ.

ಕೊನೆಗೆ ಸುರಂಗದ ಬಾಯಿಗೆ ಅಡ್ಡಹಗ್ಗ ಕಟ್ಟಿ ಬಂದಿದ್ದೇನೆ. ಯಾರು ಕಟ್ಟಿದ್ದೆಂದು ಮೇಸ್ತ್ರಿ ನಾಳೆ ಕೇಳಿಯೇ ಕೇಳುತ್ತಾರೆ. ತಪ್ಪು ಮಾಡಿದೆ ಎನ್ನಲು ನನಗೆ ಖಾತ್ರಿಯಿಲ್ಲ, ಮಾಡಿಲ್ಲ ಎನ್ನಲೂ ಇಲ್ಲ. ಎಲ್ಲರೆದುರು "ನನಗೆ ಗೊತ್ತಾಗ್ತಿಲ್ಲ" ಅನ್ನುತ್ತೇನೆ. ಅಷ್ಟು ಹೇಳಲು ದನಿ ಹೊರಟರೆ ಸಾಕು.

ಬೈಯುವುದಿದ್ದರೆ ಬಂದು ಬೈಯಿರಿ. ಹೊಸ ಬೋಲ್ಟುಗಳು ಕೂರುವವರೆಗೆ ಹಗ್ಗದ ಈಚೆ ನಿಂತು ಬೈಯಿರಿ. ಅಕ್ಕನ ಜೊತೆ, ಮಗುವಿನ ಜೊತೆ ನೂರು ವರ್ಷ ಬಾಳಿ.

ನಿಮ್ಮ ಬೈಗುಳಕ್ಕಾಗಿ ಕಾದಿರುವ
ಭಾವಮೈದ