ನೂರ ನಾಲ್ಕು ಡಿಗ್ರಿ

ಶಿವಮೊಗ್ಗ,
ಬುಧವಾರ ಮಧ್ಯಾಹ್ನ

ಪ್ರೀತಿಯ ಅಬ್ಬಾ,

ಫೋನಿನಲ್ಲಾದರೆ ನೀವು ನಡುವೆಯೇ ಬೈಯುತ್ತೀರಿ, ಅದಕ್ಕೆ ಪತ್ರ.

ನಮ್ಮ ಅಂಗಡಿಗೆ ಹೊಸ ಗೇಮಿಂಗ್ ಮದರ್‌ಬೋರ್ಡ್ ಬಂದಿದೆ. ಅದು ಎಷ್ಟು ಕರೆಂಟ್ ಎಳೆಯುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ಅದರಲ್ಲಿ ಗೇಮ್ ಓಡಿಸಿ ಅರ್ಧ ಗಂಟೆಗೆ, ಶಾಖ ತೋರಿಸುವ ಕ್ಯಾಮೆರಾದಲ್ಲಿ ಆ ಬೋರ್ಡು ಸಂಜೆಯ ಭದ್ರಾವತಿಯಂತೆ ಕಂಡಿತು. ನೇರಳೆ ಬೀದಿಗಳು, ಹಳದಿ ಮನೆಗಳು, ಮೂಲೆಯಲ್ಲಿ ಬೆಳ್ಳಗೆ ಉರಿಯುವ ನಿಮ್ಮ ಎರಕದ ಕುಲುಮೆ. ಅದರ ಮುಂದೆ ನೀವು ಪುಟ್ಟದಾಗಿ ನಿಂತು, ನೀಲಿ ಗಾಜು ಹಿಡಿದು ಬೆಂಕಿಯ ಬಣ್ಣ ನೋಡುತ್ತಿದ್ದಿರಿ. ಬೋರ್ಡಿನ ಆ ಮೂಲೆಯ ಶಾಖ ನೂರ ನಾಲ್ಕು ಡಿಗ್ರಿ; ನಮ್ಮ ಲೆಕ್ಕದಲ್ಲಿ ಎಂಬತ್ತೈದು ದಾಟಬಾರದು.

“ಎಂಬತ್ತೈದು ಅಂತ ಬರೆದು ಸಹಿ ಹಾಕು ಮಾರಾಯ್ತಿ, ಗೇಮಿಂಗ್ ಸೆಂಟರ್‌ನವರು ಇಪ್ಪತ್ತು ಬೋರ್ಡ್ ತಗೊಳ್ತಾರೆ,” ಎಂದರು ಅಂಗಡಿಯ ಮಾಲೀಕ ಮಧುಸೂದನಣ್ಣ.

“ಮುಚ್ಚಿದ ರೂಮಲ್ಲಿ ಮಕ್ಕಳು ಕೂರ್ತಾರೆ ಅಣ್ಣ. ನಾನು ಬರೆಯಲ್ಲ.”

“ಕರಪತ್ರ ಓದಿ ಓದಿ ಕೆಟ್ಟೋದೆ ನೀನು!”

ಕಾರ್ಮಿಕ ಸಂಘದ ಆ ಕರಪತ್ರಗಳನ್ನು ಕಾರ್ಖಾನೆಯಿಂದ ಮನೆಗೆ ತಂದವರು ನೀವು. ನೂರ ನಾಲ್ಕು ಎಂದೇ ಬರೆದು ಸಹಿ ಹಾಕಿದೆ. ನಾಳೆಯಿಂದ ಬರಬೇಡ ಎಂದಿದ್ದಾರೆ.

ಶುಕ್ರವಾರ ಊರಿಗೆ ಬರುತ್ತೇನೆ. ಅಮ್ಮಿಗೆ ಕಾರಣ ನಾನೇ ಹೇಳುತ್ತೇನೆ. ಟ್ರಂಕಿನಲ್ಲಿರುವ ನೀಲಿ ಗಾಜನ್ನು ಒರೆಸಿಡಿ. ದೊಡ್ಡವಳಾದ ಮೇಲೆ ಕೊಡುತ್ತೇನೆ ಎಂದಿದ್ದಿರಿ.

ನಿಮ್ಮ ಮಗಳು
ಹುಮಾ