ಕಾಲು ಇಂಚು

ಮಾರ್ಚ್ 3, ಸೋಮವಾರ
ಬಿಪಿ ಮಾತ್ರೆ, ವಾಕಿಂಗ್. ಹಳೆ ಗಿರಾಕಿಯ ಡಿಕ್ಷನರಿ ಬೈಂಡ್ ಮಾಡಿ ಮುಗಿಸಿದೆ. ಹನ್ನೊಂದಕ್ಕೆ ವಕೀಲರು. ವಿಲ್ ಸಾಲದೇ ಎಂದೆ. ವಿಲ್ಲಿಗೆ ಜೀವ ಬರುವುದು ನೀವು ಹೋದ ಮೇಲೆ, ಹಾಸಿಗೆ ಹಿಡಿದು ಮಾತು ನಿಂತರೆ ತಂಗಿಯ ಗತಿ ಏನು ಎಂದರು. ಈ ತಿಂಗಳ ಇಪ್ಪತ್ತೆಂಟಕ್ಕೆ ನನಗೆ ಹಾರ್ಟ್ ಆಪರೇಷನ್. ಮಾತು ಸರಿಯೇ.

ಆದ್ದರಿಂದ ಟ್ರಸ್ಟ್. ಮಗ ಟ್ರಸ್ಟಿ — ನೋಡಿಕೊಳ್ಳುವವನು, ಒಡೆಯನಲ್ಲ. ತಂಗಿ ಗುಬ್ಬಿ ಬದುಕಿರುವವರೆಗೆ ಮನೆ ಮಾರುವಂತಿಲ್ಲ. ಆಮೇಲೆ ಅವನದೇ.

ಗುಬ್ಬಿಗೆ ಐವತ್ತೆಂಟು. ಬುದ್ಧಿ ಎಂಟು ವರ್ಷದ್ದು. ಈ ಮನೆಯಲ್ಲಿ ಕಣ್ಣು ಮುಚ್ಚಿ ಓಡಾಡುತ್ತಾಳೆ. ಬೀದಿಯ ಮೂರನೇ ತಿರುವು ದಾಟಿದರೆ ದಾರಿ ತಿಳಿಯದೆ ಅಳುತ್ತಾಳೆ.

ಮಾರ್ಚ್ 7
ಮಗನ ಅಂಗಡಿಗೆ ಹೋದೆ. ಜೆರಾಕ್ಸ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್. ನಲವತ್ತು ವರ್ಷ ಪುಸ್ತಕ ಹೊಲಿದವನ ಮಗ ಪ್ಲಾಸ್ಟಿಕ್ ಸುರುಳಿ ತಿರುಗಿಸುತ್ತಾನೆ. ಇರಲಿ.

ಗಿರಾಕಿಗಳು ಮುತ್ತಿಕೊಳ್ಳುವ ಹೊತ್ತು ನೋಡಿಯೇ ಹೋಗಿದ್ದೆ. ಹೋದ ವರ್ಷದಿಂದ ಮನೆ ಮಾರೋಣ ಎನ್ನುತ್ತಿದ್ದಾನೆ, ಓದಿದರೆ ಸಹಿ ಹಾಕುತ್ತಾನೆಯೇ? ವಕೀಲರ ಕಾಗದ ಎಂದಷ್ಟೇ ಹೇಳಿ, ಕೆಳಗಿನ ಅಂಚು ಮಾತ್ರ ಕಾಣುವಂತೆ ಹಾಳೆ ಹಿಡಿದೆ. ಇಪ್ಪತ್ತೆರಡು ಹಾಳೆ, ಇಪ್ಪತ್ತೆರಡು ಸಹಿ. ತಲೆ ಎತ್ತಲಿಲ್ಲ. ಗೆದ್ದೆ ಅನ್ನಿಸಿತು.

ಮಾರ್ಚ್ 9, ಭಾನುವಾರ
ನಾಳೆ ರಿಜಿಸ್ಟ್ರೇಷನ್. ಟ್ರಸ್ಟ್ ಪತ್ರ ಮೇಜಿನ ಮೇಲಿತ್ತು, ಬರೀ ಪಿನ್ ಹೊಡೆದು. ಕೈ ಸುಮ್ಮನಿರಲಿಲ್ಲ. ಗುಬ್ಬಿ ದಾರಕ್ಕೆ ಮೇಣ ಹಚ್ಚಿಕೊಟ್ಟಳು. ಹೊಲಿದೆ, ಅಂಟು ಹಾಕಿದೆ. ಮೂರೂ ಅಂಚು ಕಟಿಂಗ್ ಮೆಷಿನ್ನಿಗೆ ಕೊಟ್ಟೆ — ಕಾಲು ಇಂಚು, ಬೆಣ್ಣೆ ಕತ್ತರಿಸಿದಂತೆ. ನೀಲಿ ಬಟ್ಟೆಯ ರಟ್ಟು. ಎಷ್ಟು ಚೆಂದ ಬಂತು.

ಮಾರ್ಚ್ 10
ರಿಜಿಸ್ಟ್ರಾರ್ ಆಫೀಸಿನ ಗುಮಾಸ್ತ ಹಾಳೆ ತಿರುವಿ ನನ್ನ ಮುಖ ನೋಡಿದ. ಎಲ್ಲ ಹಾಳೆಯಲ್ಲೂ ಅರ್ಧ ಸಹಿ. ಉಳಿದರ್ಧ ಮೆಷಿನ್ನಿನ ಬುಡದ ಕಸದಲ್ಲಿ. ವಕೀಲರು ತಲೆ ಮೇಲೆ ಕೈ ಹೊತ್ತರು. ಹೊಸದಾಗಿ ಪ್ರಿಂಟ್, ಎಲ್ಲರೂ ಮತ್ತೆ ಸಹಿ. ಮಗನೂ.

ಕತ್ತರಿಸುವ ಮೊದಲು ಅಂಚಿನಲ್ಲಿ ಏನಿದೆ ನೋಡಿ ಎಂದು ಕೆಲಸದವರಿಗೆ ನಲವತ್ತು ವರ್ಷ ಬೈದವನು ನಾನು.

ಮಾರ್ಚ್ 12
ಮತ್ತೆ ಮೋಸ ಮಾಡಲು ಮನಸ್ಸು ಬರಲಿಲ್ಲ ಎಂದು ಬರೆದರೆ ಸುಳ್ಳು. ಅಂಗಡಿ ಖಾಲಿ ಇತ್ತು, ಅಷ್ಟೇ. ಮಗ ಸ್ಟೂಲ್ ಎಳೆದುಕೊಂಡು ಕೂತು ಓದಿದ. ಇಪ್ಪತ್ತೆರಡೂ ಹಾಳೆ.

"ಮೊನ್ನೆ ಸೈನ್ ಹಾಕಿಸ್ಕೊಂಡಿದ್ದು ಇದಕ್ಕೇನಾ?"

ಹೌದೆಂದೆ.

"ಇಟ್ಟು ಹೋಗಿ."

ಮಾರ್ಚ್ 19
ಫೋನ್ ಇಲ್ಲ. ನಾನೂ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು...

ಮಾರ್ಚ್ 25
ಇನ್ನು ಮೂರು ದಿನ. ವಕೀಲರು ಎರಡು ಸಲ ವಿಚಾರಿಸಿದರು. ನನ್ನ ಆಸ್ಪತ್ರೆಯ ಬ್ಯಾಗಿನಲ್ಲಿ ಗುಬ್ಬಿ ತನ್ನ ಬಟ್ಟೆಯನ್ನೂ ಮಡಿಸಿಟ್ಟಿದ್ದಳು. ತೆಗೆದೆ. ನೀನು ಮನೆಯಲ್ಲೇ ಇರಬೇಕು ಎಂದೆ.

"ಎಷ್ಟು ದಿನ ಇರ್ಲಿ ಅಣ್ಣ?"

ಅವಳ ಬಟ್ಟೆಯನ್ನು ಕಪಾಟಿಗೆ ವಾಪಸ್ ಇಟ್ಟೆ. ಆಪರೇಷನ್ನಿಗಿಂತ ಆ ಪ್ರಶ್ನೆಗೆ ಹೆಚ್ಚು ಹೆದರಿದೆ.

ಮಾರ್ಚ್ 27, ಬೆಳಗ್ಗೆ 9
ಮಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಕೂರಲಿಲ್ಲ.

"ಮನೆ ಮಾರೋ ಆಸೆ ಇತ್ತು ಅಪ್ಪ, ಇಲ್ಲ ಅನ್ನಲ್ಲ. ಆದ್ರೆ ಅತ್ತೇನ ಬೀದಿಗೆ ಹಾಕ್ತೀನಿ ಅಂತ ಹೇಗೆ ಅಂದ್ಕೊಂಡ್ರಿ? ಕೇಳ್ಬಹುದಿತ್ತಲ್ಲ."

ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವನಿಗೆ ಇದುವರೆಗೆ ಹೇಳಿರದ ಮಾತು.

ಫೈಲು ತೆರೆದೆ. ಇಪ್ಪತ್ತೆರಡು ಸಹಿ. ಎಲ್ಲವೂ ಅಂಚಿನಿಂದ ಎರಡು ಇಂಚು ಒಳಗೆ, ಕೊನೆಯ ಸಾಲಿಗೆ ಅಂಟಿಕೊಂಡು. "ಈಗ ಕತ್ತರಿಸಿ ನೋಡೋಣ" ಎಂದ. ನಗಲಿಲ್ಲ, ಆದರೆ ಗುಬ್ಬಿ ಕೊಟ್ಟ ಚಹಾ ಕುಡಿದ. ನಾನು ಬರುವವರೆಗೆ ಅತ್ತೆಯ ಜೊತೆ ಇಲ್ಲೇ ಇರುತ್ತಾನಂತೆ.

ಹತ್ತಕ್ಕೆ ರಿಜಿಸ್ಟ್ರೇಷನ್. ಟ್ಯಾಕ್ಸಿ ತರಲು ಹೋಗಿದ್ದಾನೆ. ಗುಬ್ಬಿ ಬಾಗಿಲ ಹತ್ತಿರ ನಿಂತು ಮತ್ತೆ ಅದನ್ನೇ ಕೇಳುತ್ತಿದ್ದಾಳೆ, ಎಷ್ಟು ದಿನ ಎಂದು. ಈಗ ಹೇಳಬಹುದು. ಇಲ್ಲೇ ಇರು ಗುಬ್ಬಿ, ನೀನು ಬದುಕಿರುವಷ್ಟು ದಿನ — ಟ್ಯಾಕ್ಸಿ ಬಂತು.