ಹಲಸು ಮಾರುವುದುಂಟಾ?

೪ ಮಾರ್ಚ್ ೧೯೬೭, ಮೂಡುಬಿದಿರೆ

ಬೆಳಿಗ್ಗೆ ಅಂಗಡಿಗೆ ಬೆಲ್ಲದ ಮೂಟೆ ಇಳಿಸಿಕೊಂಡೆ. ಮಧ್ಯಾಹ್ನ ಕಾಲೇಜಿನಲ್ಲಿ ಭಾಷಣ. ನನ್ನದು! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನದು. ವಿಷಯ— ಸ್ವಂತ ಉದ್ಯೋಗ. ಕೆಲಸ ಬೇಡಿಕೊಂಡು ಅಲೆಯಬೇಡಿ, ನಿಮ್ಮ ಹಿತ್ತಲಲ್ಲಿ ಏನು ಕೊಳೆಯುತ್ತಾ ಉಂಟು ಅಂತ ಮೊದಲು ನೋಡಿ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಪ್ರಿನ್ಸಿಪಾಲರು ಎದ್ದರು. "ಸಾಹೇಬರಿಗೆ ವಂದನೆ. ಗುಮಾಸ್ತೆ ಪರೀಕ್ಷೆಯ ಅರ್ಜಿ ಬಂದಿದೆ, ಬೇಕಾದವರು ಆಫೀಸಿಗೆ ಬನ್ನಿ." ಹಾಲ್ ಖಾಲಿ. ಕೊರಳಲ್ಲಿ ಹಾರ, ನಾನೊಬ್ಬ. ಥೂ.

ಇಲ್ಲ, ಇನ್ನೊಬ್ಬ ಇದ್ದ. ನಾರಾವಿಯ ಶೇಖರ, ಬಿ.ಎ. ಓದುವವನು.

"ಸಾಹೇಬ್ರೆ, ನಮ್ಮಲ್ಲಿ ಕೊಳೆಯುವುದು ಹಲಸು."

"ಮತ್ತೆ ನೋಡ್ತಾ ಕೂತದ್ದು ಯಾಕೆ ಮಾರಾಯ?"

೧೧ ಜೂನ್

ಮಳೆ ಹಿಡಿಯಿತು. ಶೇಖರ ಬಂದ— ಎರಡು ಡಬ್ಬಿ ಹಲಸಿನ ಹಪ್ಪಳ. ರಜೆಯಿಡೀ ತಾಯಿಯ ಜೊತೆ ಕೂತು ಒತ್ತಿ ಒಣಗಿಸಿದ್ದಂತೆ. ತೆಳ್ಳಗೆ, ಒಡಕಿಲ್ಲ. ಹೊಗಳಲಿಲ್ಲ, ಹೊಗಳಿದರೆ ನಾಳೆಗೇ ದರ ಏರಿಸಿಯಾನು. ಅಂಗಡಿಯ ಎದುರಿಗೇ ಇಟ್ಟೆ. ಸಂಜೆಯ ಬಸ್ಸಿನವರೇ ಒಂದು ಡಬ್ಬಿ ಮುಗಿಸಿದರು.

೧೪ ಜೂನ್

ಶೇಖರನ ಸೋದರಮಾವ ಭೋಜ ಶೆಟ್ರು ಬಂದರು. ಆ ಮನೆಗೆ ಯಜಮಾನರು ಅವರೇ. ನನ್ನ ಅಂಗಡಿ, ಅದರ ಹಿಂದೆ ನಾವಿರುವ ಬಿಡಾರ ಎರಡೂ ಅವರದೇ. ಕಾರಿನಿಂದ ಇಳಿಯಲಿಲ್ಲ.

"ಸುಲೈಮಾನಾ, ನಮ್ಮ ಮನೆಯಲ್ಲಿ ಹಲಸು ಕೊಡುವುದುಂಟು. ಮಾರುವುದುಂಟಾ?"

"ಹಲಸಲ್ಲ ಶೆಟ್ರೇ, ಹಪ್ಪಳ."

"ಹಪ್ಪಳ ಹಲಸಿಲ್ಲದೆ ಆಗ್ತದಾ? ಇವರಿಗೆ ಉಣ್ಣಲಿಕ್ಕಿಲ್ಲವಾ ಅಂತ ಊರಿಡೀ ಕೇಳ್ತದೆ. ಡಬ್ಬಿ ತೆಗಿ. ಇಲ್ಲದಿದ್ದರೆ ಜಾಗ ಬಿಡು. ಹುಡುಗನ ಕಾಲೇಜೂ ಇವತ್ತಿಗೆ ಸಾಕು."

ಡಬ್ಬಿ ತೆಗೆದೆ. ಎಂಥ ನಾಲಗೆ ಇದು! ಕಾಲೇಜಿನಲ್ಲಿ ಹಾಗೆ ಓಡಿದ್ದು, ಇಲ್ಲಿ ಒಂದೇ ಮಾತಿಗೆ ಸತ್ತುಬಿತ್ತು.

ಊಟಕ್ಕೆ ಕೂತಾಗ ಹೆಂಡತಿ ಮೈಮೂನ— "ಮಕ್ಕಳಿಗೆಲ್ಲ ಧೈರ್ಯ ಹಂಚಿ ಬಂದಿರಿ. ನಿಮಗೆ ಸ್ವಲ್ಪ ಇಟ್ಟುಕೊಳ್ಳಲಿಲ್ಲವಾ?"

ಬಟ್ಟಲು ತಳ್ಳಿ ಎದ್ದೆ.

೨೦ ಜೂನ್, ಬೆಳಿಗ್ಗೆ

ಬಸ್‌ಸ್ಟ್ಯಾಂಡಿನಲ್ಲಿ ಶೇಖರ, ತಾನೇ ಮಾರಲಿಕ್ಕೆ ನಿಂತಿದ್ದ. ಕೊಡೆಯ ಕೆಳಗೆ ನಾನು ತಿರುಗಿ ಕಳಿಸಿದ ಡಬ್ಬಿ, ಕಾಲೇಜಿನ ಪ್ಯಾಂಟಿಗೆ ಕೆಸರು. ಸಹಪಾಠಿಗಳು ನಗುತ್ತಾ ದಾಟಿದರು. ಅವನು ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೋಗಿ ಡಬ್ಬಿ ಎತ್ತಿದೆ.

"ಹಪ್ಪಳ ನೆನೆಯುತ್ತದೆ. ಒಳಗೆ ಬಾ."

"ಮಾವ ಬರ್ತಾರೆ ಸಾಹೇಬ್ರೆ."

"ಬರಲಿ. ಅವರಿಗೂ ಮಾರುವ."

ಅಂಗಡಿಯಲ್ಲಿ ಡಬ್ಬಿಯನ್ನು ಮೊದಲಿಗಿಂತ ಒಂದು ಮೊಳ ಮುಂದಿಟ್ಟೆ. ಮೈಮೂನ ಎಣ್ಣೆ ಕಾಯಿಸಿದಳು. ಪರಿಮಳ ರಸ್ತೆಗೆ ಹೋಯಿತು. ನಕ್ಕ ಹುಡುಗರೇ ತಿರುಗಿ ಬಂದರು.

ಇಷ್ಟು ಬರೆಯುವಾಗ ಕಾರಿನ ಹಾರನ್. ಶೆಟ್ರದೇ. ಈ ಸಲ ಇಳಿದಿದ್ದಾರೆ. ಬಿಡಾರ ಹೋದರೆ ಹೋಗಲಿ— ತಲೆಹೊರೆ ವ್ಯಾಪಾರದಲ್ಲೇ ಶುರು ಮಾಡಿದವನು ನಾನು. ಮೆಟ್ಟಿಲು ಹತ್ತಿದರು. ಮೊದಲು ಕೈಗೊಂದು ಬಿಸಿ ಹಪ್ಪಳ ಕೊಡುವ. ಕೊಟ್ಟು ಗೊತ್ತುಂಟು ಅವರಿಗೆ, ತೆಗೆದುಕೊಂಡು—